ಏಳಲೊಲ್ಲದ ಡಬ್ಬಿ

ಮೊಂಡ ಚಿಶುನ್‌ಗೆ,

ಕ್ಷೇಮವೇ ಎಂದು ಕೇಳುವ ಸೌಜನ್ಯ ನನ್ನಲ್ಲಿ ಉಳಿದಿಲ್ಲ. ನೀನು ಕ್ಷೇಮವಾಗಿಯೇ ಇದ್ದೀಯ ಎಂದು ಪೆಂಗ್ಹು ದ್ವೀಪದ ದೋಣಿಯಲ್ಲಿ ಟಿಕೆಟ್ ಹರಿಯುವ ಹೆಂಗಸು ಹೇಳಿದಳು. ಅಲ್ಲಿಯ ಧಕ್ಕೆಯಲ್ಲಿ ದೋಣಿಗಳ ಎಂಜಿನ್ ಬಿಚ್ಚಿ ಜೋಡಿಸುತ್ತ, ಮೊಣಕೈವರೆಗೆ ಗ್ರೀಸ್ ಮೆತ್ತಿಕೊಂಡು, ಮಧ್ಯಾಹ್ನ ಶಾವಿಗೆ ಸಾರು ಕುಡಿದು ನೆರಳಲ್ಲಿ ಮಲಗುತ್ತೀಯಂತೆ. ಬಹಳ ಸಂತೋಷ. ನನ್ನ ಮಿಂಚಂಚೆಗಳನ್ನು ನೀನು ತೆರೆದಿಲ್ಲ, ಫೋನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಇದನ್ನು ಅದೇ ಹೆಂಗಸಿನ ಕೈಯಲ್ಲಿ ಕಳಿಸುತ್ತಿದ್ದೇನೆ. ನೀನು ಒಡೆದು ಓದುವವರೆಗೆ ಎದುರಿನಿಂದ ಕದಲಬೇಡ ಎಂದು ಅವಳಿಗೆ ಹೇಳಿದ್ದೇನೆ. ಈಗ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಿರಬಹುದು, ಒಂದು ಸ್ಟೂಲಾದರೂ ಕೊಡು.

ಹೆದರಬೇಡ, ನಿಮ್ಮಮ್ಮ ಚೆನ್ನಾಗಿದ್ದಾರೆ. ಮೊಣಕಾಲು ಮಾತ್ರ ಮಾತು ಕೇಳುತ್ತಿಲ್ಲ. ಮೀನುಗಳ ಕತೆ ಕೊನೆಗೆ ಹೇಳುತ್ತೇನೆ, ಮೊದಲು ನಿನ್ನನ್ನು ಬೈಯಬೇಕು. ಮೂರು ವರ್ಷದಿಂದ ಕೂಡಿಟ್ಟ ಬೈಗುಳ, ಅರ್ಧದಲ್ಲಿ ನಿಲ್ಲಿಸಲು ಆಗುವುದಿಲ್ಲ.

ನೆನಪಿದೆಯೋ ಇಲ್ಲವೋ, ಮೊದಲ ದಿನವೇ ನಾನು ಬೇಡ ಎಂದಿದ್ದೆ. ಲಿನಕ್ಸ್ ಯಂತ್ರಕ್ಕೆ ಕರೆಂಟು ಬಂದ ಕೂಡಲೇ ಎಲ್ಲರಿಗಿಂತ ಮೊದಲು ಕಣ್ಣು ಬಿಟ್ಟು, ಉಳಿದ ಪ್ರೋಗ್ರಾಮುಗಳನ್ನು ಒಂದೊಂದಾಗಿ ಎಬ್ಬಿಸಿ ಕೆಲಸಕ್ಕೆ ಹಚ್ಚುವವನು ಒಬ್ಬ ಬೇಕು, ಒಪ್ಪಿದೆ. ಅಂಥವನು ಈಗಾಗಲೇ ಲೋಕದಲ್ಲಿದ್ದಾನೆ, ಪುಕ್ಕಟೆ ಸಿಗುತ್ತಾನೆ, ಭೂಮಿಯ ಮೇಲಿನ ಅರ್ಧ ಯಂತ್ರಗಳನ್ನು ಬೆಳಗಾದರೆ ಅವನೇ ಎಬ್ಬಿಸುವುದು. ಲೋಕಕ್ಕೆಲ್ಲ ಸಾಕಾದವನು ನಿನಗೆ ಸಾಕಾಗಲಿಲ್ಲ. "ಅದು ದೊಡ್ಡ ಹೋಟೆಲಿನ ಅಡುಗೆಮನೆ ಕಣೇ ಬಿಯುನ್. ನಮ್ದು ಕೊಳದ ಬದೀಲಿ ಕೂತಿರೋ ಬಡಪಾಯಿ ಡಬ್ಬಿ. ಅದಕ್ಕೆ ಮನೆ ಒಲೆ ಸಾಕು," ಎಂದೆ. ಹಾಗೆಂದು ನಮ್ಮ ಪ್ರೋಗ್ರಾಮಿಗೆ 'ಒಲೆ' ಎಂದೇ ಹೆಸರಿಟ್ಟೆ. ನಾನೂ ಮರುಳಾಗಿ ನಿನ್ನ ಪಕ್ಕ ಕೂತು ಬರೆದೆ.

ಆ ಡಬ್ಬಿ ಮಾಡಬೇಕಾದ್ದು ಇಷ್ಟೇ ಇತ್ತಲ್ಲ ಮಾರಾಯ. ಕೊಳದ ನೀರನ್ನು ಕಡೆದು ಗಾಳಿ ಬೆರೆಸುವ ಚಕ್ರಗಳನ್ನು ತಿರುಗಿಸುವುದು. ಕರೆಂಟು ಹೋಗಿ ಜನರೇಟರ್ ಹಚ್ಚಿದಾಗ ಎಲ್ಲ ಚಕ್ರಗಳನ್ನೂ ಒಟ್ಟಿಗೆ ತಿರುಗಿಸಿದರೆ ಜನರೇಟರ್ ಕೆಮ್ಮಿ ಸಾಯುತ್ತದೆ, ಆದ್ದರಿಂದ ಒಂದಾದ ಮೇಲೊಂದು ತಿರುಗಿಸುವುದು. ತಡವಾದರೆ ಹೂಮೀನುಗಳು ಬಾಯಿ ಮೇಲೆ ಮಾಡಿ ಏದುಸಿರು ಬಿಡುತ್ತವೆ, ಇನ್ನೂ ತಡವಾದರೆ ಹೊಟ್ಟೆ ಮೇಲೆ ಮಾಡುತ್ತವೆ. ಇದು ನಮ್ಮ ಬುದಾಯ್ ಕಡಲಂಚಿನ ಮಕ್ಕಳಿಗೂ ಗೊತ್ತು.

ಆದರೆ ನಿನಗೆ ಅದರಲ್ಲೂ ಮನೆತನದ ಮರ್ಯಾದೆ ಬೇಕಿತ್ತು. ನಿಮ್ಮ ಮನೆಯಲ್ಲಿ ಅಜ್ಜಿ ಬದುಕಿರುವವರೆಗೆ ಅವರು ಊಟದ ಕಡ್ಡಿ ಎತ್ತದೆ ಯಾರೂ ಎತ್ತುತ್ತಿರಲಿಲ್ಲ. ಅದನ್ನೇ ತಂದು ಒಲೆಗೆ ತುರುಕಿದೆ. ಕರೆಂಟು ನೋಡುವ ಪ್ರೋಗ್ರಾಮು ಅಜ್ಜಿ. ಡಿಸ್ಕು ತೆರೆಯುವುದು ದೊಡ್ಡಪ್ಪ. ನೆಟ್‌ವರ್ಕು ಚಿಕ್ಕಮ್ಮ, ತಲೆ ಬಾಚಿಕೊಂಡು ಬರುವುದು ಯಾವಾಗಲೂ ತಡ. ಆದದ್ದನ್ನೆಲ್ಲ ಬರೆದಿಡುವ ಗುಮಾಸ್ತ ಭಾವ. ಎಲ್ಲರೂ ಮೇಜಿನ ಸುತ್ತ ಕೂತ ಮೇಲೆ ಕೊನೆಯಲ್ಲಿ ಮಕ್ಕಳು, ಅಂದರೆ ಚಕ್ರಗಳು. "ಅಯ್ಯೋ, ಹಸಿದಿರೋದೇ ಮಕ್ಕಳು ಕಣೋ, ಮೊದ್ಲು ಅವಕ್ಕೆ ಬಡಿಸೋ!" ಎಂದು ನಾನು ಬಾಯಿ ಬಡಿದುಕೊಂಡೆ. "ಹಿರಿಯರು ಕೂರದೆ ಮಕ್ಕಳು ತಿನ್ನೋ ಮನೆ ಅದೆಂಥ ಮನೆ?" ಎಂದು ನೀನು. ಈ ಜಗಳವನ್ನು ನಾವು ಸಿಂಪಿ ಆಮ್ಲೆಟ್ ಅಂಗಡಿಯಲ್ಲಿ ಮಾಡಿದ್ದೇವೆ, ಸ್ಕೂಟರಿನ ಮೇಲೆ ಮಾಡಿದ್ದೇವೆ, ಮಾಝು ದೇವಿಯ ಗುಡಿಯ ಮೆಟ್ಟಿಲ ಮೇಲೆ ಮಾಡಿ ಪೂಜಾರಿಯಿಂದ ಬೈಸಿಕೊಂಡಿದ್ದೇವೆ.

ಆಮೇಲೆ ನಿಮ್ಮಪ್ಪ ಆಖಿಮ್ ಚಿಕ್ಕಪ್ಪ ತೀರಿಕೊಂಡರು. ಹೆಣ ಎತ್ತಿಕೊಂಡು ಊರೆಲ್ಲ ಮಸಣಕ್ಕೆ ಹೋಗಿದ್ದಾಗ ಮಿಂಚು ಹೊಡೆದು ಕರೆಂಟು ಒಂದು ಸಲ ಹೋಗಿ ಬಂತು. ಆ ಮಿಂಚಿಗೆ ನೆಟ್‌ವರ್ಕಿನ ಕಂಬ ಸುಟ್ಟಿತ್ತು. ಚಿಕ್ಕಮ್ಮ ಬರಲೇ ಇಲ್ಲ, ಮನೆಮಂದಿಯೆಲ್ಲ ಕಡ್ಡಿ ಕೈಯಲ್ಲಿ ಹಿಡಿದು ಕಾಯುತ್ತ ಕೂತರು. ನಾವು ಹಿಂದಿರುಗಿ ಬಂದಾಗ ಕೊಳವೆಲ್ಲ ಬಿಳಿ. ನಿಮ್ಮಮ್ಮ ಸೆಣಬಿನ ಶೋಕದ ಬಟ್ಟೆಯಲ್ಲೇ ದಡದ ಮೇಲೆ ಕುಸಿದು ಕೂತರು. "ನಿಮ್ಮಪ್ಪ ಇದ್ದಿದ್ರೆ ಹೀಗಾಗ್ತಿರ್ಲಿಲ್ಲ" ಎಂದರು. ಅಷ್ಟೇ ಅಂದದ್ದು. ಗಂಡನನ್ನೂ ಮೀನುಗಳನ್ನೂ ಒಂದೇ ದಿನ ಕಳೆದುಕೊಂಡವರು ಆಡಿದ ಮಾತು ಅದು. ಅದನ್ನು ನೀನು ಎದೆಯಲ್ಲಿಟ್ಟು ಬೀಗ ಹಾಕಿಕೊಂಡೆ.

ಒಂದು ಮಾತೂ ಆಡದೆ ಒಲೆಯನ್ನು ಬುಡದಿಂದ ಮತ್ತೆ ಬರೆದೆ. ಚಿಕ್ಕಮ್ಮನನ್ನು ಕಾಯುವುದನ್ನು ತೆಗೆದೆ, ಒಳ್ಳೆಯದಾಯಿತು. ಎಲ್ಲರ ಕೊಳಕ್ಕೂ ಹೊಸದನ್ನು ಹಾಕಿದೆ. ಮಾರನೆಯ ಬೆಳಿಗ್ಗೆ ದೋಣಿ ಹತ್ತಿದೆ. ಹೇಳಿ ಹೋಗಲಿಲ್ಲ. ಬರೆದದ್ದಕ್ಕೆ ಒಂದು ಸಾಲು ವಿವರಣೆಯನ್ನೂ ಇಟ್ಟು ಹೋಗಲಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ಪಾಪ. ನಿನ್ನ ಆ ಕಗ್ಗವನ್ನು ಓದಿ ಓದಿ ನನಗೆ ಕನ್ನಡಕ ಬಂದಿದೆ.

ಈಗ ಈ ಬೇಸಿಗೆಯ ಕತೆ ಕೇಳು. ಚಂಡಮಾರುತಗಳ ತಿಂಗಳು ಶುರುವಾಗುವ ಹೊತ್ತಿಗೆ ನಿಮ್ಮಮ್ಮ ನನಗೆ ಫೋನು ಮಾಡಿದರು. "ಬಿಯುನ್, ಈ ದರಿದ್ರ ಡಬ್ಬಿ ಏಳ್ತಿಲ್ಲ ಕಣೇ." ಇವತ್ತು ಶುರುವಾದದ್ದಾ ಅಮ್ಮ ಎಂದು ಕೇಳಿದೆ. ಆಗ ನಿಧಾನವಾಗಿ ಬಾಯಿ ಬಿಟ್ಟರು. ಮೂರು ವರ್ಷದಿಂದಲೂ ಹೀಗೇ ಅಂತೆ. ಕರೆಂಟು ಹೋಗಿ ಬಂದಾಗ ಕೆಲವು ಸಲ ಡಬ್ಬಿ ಏಳುತ್ತದೆ, ಕೆಲವು ಸಲ ಇಲ್ಲ. ಏಳದಿದ್ದಾಗಲೆಲ್ಲ ಅವರು ದಡದ ಮೇಲೆ ಓಡಿ ಹೋಗಿ ಒಂದೊಂದೇ ಚಕ್ರದ ಸ್ವಿಚ್ಚನ್ನು ಕೈಯಲ್ಲೇ ಹಾಕುತ್ತಿದ್ದರಂತೆ. ಯಾಕೆ ಹೇಳಲಿಲ್ಲ ಎಂದು ರೇಗಿದೆ. "ಅವನು ಮಾಡಿಟ್ಟು ಹೋಗಿದ್ದು. ಕೆಟ್ಟಿದೆ ಅಂದ್ರೆ ಊರವರು ಅವನ ಹೆಸರು ಹಿಡಿದು ಆಡ್ಕೋತಾರೆ. ಓಡೋಕೆ ಕಾಲಿತ್ತು, ಓಡ್ತಿದ್ದೆ. ಈಗ ಮೊಣಕಾಲು ಬಗ್ತಾ ಇಲ್ಲ," ಎಂದರು.

ನಿನ್ನ ಹೆಸರು ಕೆಡಬಾರದೆಂದು ಆ ಹೆಂಗಸು ಮಳೆಯಲ್ಲಿ, ಜಾರುವ ದಡದ ಮೇಲೆ ಮೂರು ವರ್ಷ ಓಡಿದ್ದಾರೆ. ನೀನು ನೆರಳಲ್ಲಿ ಮಲಗಿದ್ದೆ. ಇದನ್ನು ಇನ್ನೊಂದು ಸಲ ಓದು.

ಇನ್ನೊಂದು ಮಾತನ್ನೂ ಅವತ್ತು ಹೇಳಿದರು. "ಇನ್ನೊಂದು ಸಲ ಮೀನು ತೇಲಿದ್ರೆ ಮುಗೀತು. ಸೋಲಾರ್ ಕಂಪನಿಯವರು ಬಾಗಿಲಿಗೆ ಬಂದು ಬಂದು ಹೋಗ್ತಿದಾರೆ. ಕೊಳ ಅವರಿಗೆ ಬರೆದುಕೊಟ್ಟು ತೈನಾನ್‌ಗೆ ತಂಗಿ ಮನೆಗೆ ಹೋಗ್ಬಿಡ್ತೀನಿ." ಅವರು ಬೆದರಿಸುವ ಹೆಂಗಸಲ್ಲ, ಹೇಳಿದರೆ ಮಾಡುವವರು. ಮೀನುಗಳು ಮಾರಾಟಕ್ಕೆ ಬರಲು ಇನ್ನು ಕೆಲವೇ ವಾರಗಳಿದ್ದವು, ಮತ್ತು ದಕ್ಷಿಣ ಸಮುದ್ರದಲ್ಲಿ ಆಗಲೇ ಒಂದು ಚಂಡಮಾರುತ ಸುತ್ತು ಹಾಕುತ್ತಿತ್ತು.

ನಾನು ಲ್ಯಾಪ್‌ಟಾಪು ಹಿಡಿದು ಬಂದು ನಿಮ್ಮ ಶೆಡ್ಡಿನಲ್ಲಿ ಮೀನಿನ ಬುಟ್ಟಿ ಬೋರಲು ಹಾಕಿಕೊಂಡು ಕೂತೆ. ಡಬ್ಬಿಗೆ ಮತ್ತೆ ಶುರುವಾಗು ಎಂದೆ. ಬಂಗಾರದಂತೆ ಎದ್ದಿತು. ಮತ್ತೆ ಹೇಳಿದೆ, ಮತ್ತೆ ಎದ್ದಿತು. ಬೆಳಗಿನಿಂದ ಸಂಜೆವರೆಗೆ ಮಲಗಿಸಿದೆ, ಎಬ್ಬಿಸಿದೆ, ಮಲಗಿಸಿದೆ, ಎಬ್ಬಿಸಿದೆ. ಒಂದು ಸಲವಾದರೂ ಹಟ ಮಾಡಬೇಕಲ್ಲ? ಇಲ್ಲ. ನಿನ್ನಂತೆಯೇ ಅದೂ, ನಾಲ್ಕು ಜನರೆದುರು ಮಹಾ ವಿಧೇಯ. ಮನೆಗೆ ಹೋಗಿ ಚಪ್ಪಲಿ ಬಿಡುವಷ್ಟರಲ್ಲಿ ಮತ್ತೆ ಫೋನು, "ಕರೆಂಟು ಹೋಗಿ ಬಂತು, ಮತ್ತೆ ಏಳ್ತಿಲ್ಲ." ಅಳು ಬರುವಷ್ಟು ಸಿಟ್ಟು ಬಂತು.

ಎಲ್ಲಿ ಸಿಕ್ಕಿಕೊಂಡಿತು ಎಂದು ತಿಳಿಯಲು ಭಾವ ಬರೆದದ್ದನ್ನು ನೋಡೋಣವೆಂದರೆ ಅಲ್ಲಿ ಒಂದಕ್ಷರವೂ ಇಲ್ಲ. ಇರುವುದಾದರೂ ಹೇಗೆ? ಆದದ್ದನ್ನು ಬರೆದಿಡಬೇಕಾದ ಮಹಾನುಭಾವನನ್ನೂ ನೀನು ಮೇಜಿನ ಸುತ್ತ ಕೂರಿಸಿದ್ದೀಯ. ಹಿರಿಯರು ಬರುವವರೆಗೆ ಅವನೂ ಪೆನ್ನು ಮುಟ್ಟುವಂತಿಲ್ಲ. ಪೊಲೀಸು ಠಾಣೆ ಸುಡುವಾಗ ದೂರು ಬರೆಸಿಕೊಳ್ಳುವವನು ಒಳಗೇ ಸಿಕ್ಕಿಬಿದ್ದಿದ್ದಾನೆ. ಯಾರು ಕಲಿಸಿದರೋ ನಿನಗೆ ಇದನ್ನು?

ಪಕ್ಕದ ಕೊಳದ ಥಿಯನ್‌ಪೋ ಚಿಕ್ಕಪ್ಪ ದಿನಾ ಬಂದು ಬಾಗಿಲಿಗೆ ಒರಗಿ ಜಂಬ ಕೊಚ್ಚುತ್ತಿದ್ದರು. "ನಮ್ಮ ಡಬ್ಬಿ ನೋಡು, ಕರೆಂಟು ಬಂದ್ರೆ ಸಾಕು, ಕೋಳಿಗಿಂತ ಮುಂಚೆ ಏಳುತ್ತೆ. ನಿಮ್ದು ಹುಡುಗನ ಹಾಗೇ ಸೋಮಾರಿ." ನಿಮ್ಮಮ್ಮ ಮುಖ ಗಂಟಿಕ್ಕಿಕೊಂಡು ಯಂತ್ರ ಹಟ ಮಾಡದಿರಲೆಂದು ಡಬ್ಬಿಯ ತಲೆಯ ಮೇಲಿಟ್ಟಿದ್ದ ಹಸಿರು ಕುರುಕಲು ತಿಂಡಿಯ ಪೊಟ್ಟಣ ತಿರುಗಿಸಿ ದಿನಾಂಕ ನೋಡಿದರು. ಅವಧಿ ಮುಗಿದಿತ್ತು. ಕೂಡಲೇ ಅಂಗಡಿಗೆ ಹೋಗಿ ಹೊಸದು ತಂದಿಟ್ಟು, ಕೈ ಮುಗಿದು, "ಇನ್ನಾದ್ರೂ ಮರ್ಯಾದೆಯಿಂದ ಇರು" ಎಂದು ಡಬ್ಬಿಗೆ ಗದರಿದರು. ಹಳೆಯ ಪೊಟ್ಟಣವನ್ನು ಥಿಯನ್‌ಪೋ ಚಿಕ್ಕಪ್ಪ ಅಲ್ಲೇ ಹರಿದು ತಿಂದು ಮುಗಿಸಿದರು. ಡಬ್ಬಿ ಮಾತ್ರ ಬದಲಾಗಲಿಲ್ಲ.

ಚಿಕ್ಕಪ್ಪನ ಡಬ್ಬಿ, ನಿಮ್ಮ ಡಬ್ಬಿ, ಎರಡೂ ಒಂದೇ ಅಂಗಡಿಯಲ್ಲಿ ಕೊಂಡದ್ದು, ಎರಡಕ್ಕೂ ಒಲೆ ಹಾಕಿದವನು ನೀನೇ. ಅಲ್ಲಿ ಏಳುವುದು ಇಲ್ಲಿ ಯಾಕೆ ಏಳುವುದಿಲ್ಲ? ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಡಬ್ಬಿಯ ಹೊಟ್ಟೆಗೆ ನೇರ ಒಂದು ತಂತಿ ಚುಚ್ಚಿ ನನ್ನ ಪರದೆಗೆ ಎಳೆದುಕೊಂಡೆ. ಬರೆಯುವವನು ಬರೆಯದಿದ್ದರೆ ಹೋಗಲಿ, ಒಳಗಿನ ಗೊಣಗಾಟವನ್ನು ನಾನೇ ಕೇಳಿಸಿಕೊಳ್ಳುತ್ತೇನೆ ಎಂದು. ಆದರೆ ನಾನು ಎಬ್ಬಿಸಿದಾಗಲೆಲ್ಲ ಅದು ಚೊಕ್ಕವಾಗಿ ಏಳುತ್ತಿತ್ತು. ಕೇಳಲು ಗೊಣಗಾಟವೇ ಇರಲಿಲ್ಲ.

ಕಡೆಗೆ ಆದದ್ದು ಏನು ಗೊತ್ತೇ? ಮಧ್ಯಾಹ್ನ ಅನ್ನಕ್ಕಿಡುವ ಹೊತ್ತಾಯಿತು. ಮನೆಯ ಅಡುಗೆಕೋಣೆಯ ಪ್ಲಗ್ಗು ಸುಟ್ಟುಹೋಗಿದೆ (ಅದನ್ನೂ ನೀನೇ ಬಂದು ಸರಿಮಾಡು), ಹಾಗಾಗಿ ನಿಮ್ಮಮ್ಮ ಕುಕ್ಕರನ್ನು ಶೆಡ್ಡಿಗೇ ತಂದರು. ನನ್ನನ್ನು ಒಂದು ಮಾತು ಕೇಳದೆ ಡಬ್ಬಿಯ ಪ್ಲಗ್ಗು ಕಿತ್ತು ಕುಕ್ಕರಿನದು ಚುಚ್ಚಿದರು. "ಅಮ್ಮಾ!" ಎಂದು ಕಿರುಚಿದೆ. "ಏನೀಗ? ಹೇಗಿದ್ರೂ ಆಗಾಗ ನೀನೇ ಮಲಗಿಸ್ತಿದ್ಯಲ್ಲ. ಅನ್ನ ಬೇಯೋವರೆಗೆ ಮಲಗಿರ್ಲಿ," ಎಂದರು. ಅನ್ನ ಬೆಂದಿತು. ಪ್ಲಗ್ಗು ಮತ್ತೆ ಬದಲಾಯಿತು. ಡಬ್ಬಿ ಏಳಲಿಲ್ಲ.

ಆಗ ನನ್ನ ತಲೆಗೆ ಹೊಳೆಯಿತು. ನಾನು ಇಷ್ಟು ದಿನ ಅದನ್ನು ಜೋಗುಳ ಹಾಡಿ ಮಲಗಿಸುತ್ತಿದ್ದೆ. ಕರೆಂಟು ಹೋಗುವುದು ಜೋಗುಳ ಹಾಡಿ ಅಲ್ಲ, ಹೀಗೆ ಕುತ್ತಿಗೆ ಹಿಸುಕಿದಂತೆ ಹೋಗುತ್ತದೆ. ಪರದೆ ನೋಡಿದೆ. ಮೊದಲ ಸಾಲು: ಅಜ್ಜಿ ಕೂತರು. ಎರಡನೆಯದು: ದೊಡ್ಡಪ್ಪ ಕೂತರು. ಮೂರನೆಯದು: ಅಪ್ಪನಿಗಾಗಿ ಕಾಯುತ್ತಿದ್ದೇವೆ. ಅದರ ಕೆಳಗೆ ಮತ್ತೆ, ಅಪ್ಪನಿಗಾಗಿ ಕಾಯುತ್ತಿದ್ದೇವೆ. ಮತ್ತೆ ಅದೇ. ಪರದೆ ತುಂಬಿ ಮೇಲಕ್ಕೆ ಸರಿಯುವವರೆಗೂ ಅದೇ.

ನಾವು ಬರೆದ ಒಲೆಯಲ್ಲಿ ಅಪ್ಪ ಎಂಬವರು ಯಾರೂ ಇರಲಿಲ್ಲವಲ್ಲ. ಹುಡುಕಿದೆ. ಸಿಕ್ಕಿತು. ಆಖಿಮ್ ಚಿಕ್ಕಪ್ಪ ತೂಬಿನ ಬಾಯಿಗೆ ಬಿದಿರು ಕಟ್ಟಿ ಮಾಡಿದ್ದ ನೀರಿನ ಮಟ್ಟದ ಅಳತೆಗೋಲು ಇತ್ತಲ್ಲ, ನೀನು ಅದಕ್ಕೂ ಒಂದು ತಂತಿ ಎಳೆದು ಡಬ್ಬಿಗೆ ಸೇರಿಸಿದ್ದೆ. ಅವರು ಹೋದ ಮೇಲೆ ಅದೂ ಹೋಯಿತು. ಬಿದಿರು ಕೊಳೆತಿದೆ, ತಂತಿಯನ್ನು ಏಡಿ ಕಡಿದಿದೆ. ಆದರೂ ಹೊಸ ಒಲೆಯಲ್ಲಿ, ಅದೂ ನಿಮ್ಮ ಡಬ್ಬಿಯಲ್ಲಿ ಮಾತ್ರ, ನೀನು ಅದಕ್ಕೊಂದು ಜಾಗ ಇಟ್ಟೆ. ಆ ಕೋಲು ಕೊನೆಯ ಸಲ ಹೇಳಿದ ಅಳತೆಯನ್ನು ಒಂದು ಫೈಲಿನಲ್ಲಿ ಹಾಕಿಟ್ಟೆ. 'ಅಪ್ಪನ ಬಟ್ಟಲು' ಎಂದು ಒಂದು ಪುಟ್ಟ ಪ್ರೋಗ್ರಾಮು ಬರೆದೆ. ಅದಕ್ಕೆ ಬೇರೆ ಕೆಲಸವೇ ಇಲ್ಲ. ಆ ಫೈಲನ್ನು ಓದಿ, ಇದ್ದೇನೆ ಎಂದು ಅಪ್ಪನ ಪರವಾಗಿ ಹೇಳುವುದು. ಗಳಿಗೆಗೊಮ್ಮೆ ಅದೇ ಹಳೆಯ ಅಳತೆಯನ್ನು ಅಳಿಸಿ, ಅದನ್ನೇ ಮತ್ತೆ ಬರೆದಿಡುವುದು. ಅಳಿಸಿ ಬರೆಯುವ ಆ ಸಂದಿನಲ್ಲಿ ಕರೆಂಟು ಹೋದರೆ ಫೈಲು ಖಾಲಿ. ಖಾಲಿ ಇದ್ದರೆ ಅಪ್ಪ ಬಂದಿಲ್ಲ. ಅಪ್ಪ ಬಾರದೆ ಮಕ್ಕಳಿಗೆ ಊಟವಿಲ್ಲ. ಗಂಟೆಗಟ್ಟಲೆ ಕಾದು ಸೋತ ಮೇಲೆ ಹಳೆಯ ನಕಲಿನಿಂದ ಬಟ್ಟಲು ತುಂಬಿಕೊಂಡು ಏಳುವುದು, ಅದಕ್ಕೇ ಮರುದಿನ ನನ್ನೆದುರು ಅಷ್ಟು ವಿಧೇಯ.

ಹೊಸದನ್ನು ಬೇರೆ ಫೈಲಿನಲ್ಲಿ ಪೂರ್ತಿ ಬರೆದು ಆಮೇಲೆ ಅದಕ್ಕೆ ಹಳೆಯದರ ಹೆಸರು ಕೊಡಬೇಕು ಎನ್ನುವುದು ಮೊದಲ ವರ್ಷದ ಪಾಠ ಕಣೋ ಕತ್ತೆ! ಅದೇ ಪಾಠವನ್ನು ನನಗೆ ಹೇಳಿಕೊಟ್ಟವನೇ ನೀನು. ನಾನು ಎದ್ದು ಶೆಡ್ಡಿನೊಳಗೆ ಓಡಾಡುತ್ತ ನಿನ್ನನ್ನು ಬಾಯಿಗೆ ಬಂದಂತೆ ಬೈದೆ. ಆಮೇಲೆ ಬೈಯಲು ಆಗಲಿಲ್ಲ. ಬುಟ್ಟಿಯ ಮೇಲೆ ಕುಕ್ಕರಿಸಿ ಕೂತುಬಿಟ್ಟೆ.

ಯಾಕೆಂದರೆ ನನಗೆ ಹೊಸವರ್ಷದ ಹಿಂದಿನ ದಿನ ನೆನಪಾಯಿತು. ನೀನು ಹೋದ ಮೇಲೆ ಪ್ರತಿ ವರ್ಷವೂ ನಮ್ಮ ಮನೆಯ ಊಟ ಬೇಗ ಮುಗಿಸಿ ನಾನು ನಿಮ್ಮಮ್ಮನ ಜೊತೆ ಕೂರಲು ಬರುತ್ತೇನೆ. ಅವರು ದೇವರಕೋಣೆಯಲ್ಲಿ ಹಿರಿಯರಿಗೆ ಎಡೆ ಇಟ್ಟು, ಧೂಪ ಹಚ್ಚಿ, ಆಮೇಲೆ ಮೇಜಿನ ಮೇಲೆ ನಿನಗೊಂದು ಬಟ್ಟಲು, ಒಂದು ಜೊತೆ ಕಡ್ಡಿ ಇಡುತ್ತಾರೆ. ನಿನ್ನ ನೀಲಿ ಕಾಲೇಜು ಜಾಕೆಟನ್ನು ಕುರ್ಚಿಗೆ ಹಾಕುತ್ತಾರೆ. ಊರಿಗೆ ಬರಲಾಗದವರಿಗೆ ಎಲ್ಲರ ಮನೆಯಲ್ಲೂ ಇಡುತ್ತಾರೆ, ಇಟ್ಟು ಊಟ ಮಾಡುತ್ತಾರೆ. ನಿಮ್ಮಮ್ಮ ಮಾತ್ರ ಕಡ್ಡಿ ಎತ್ತುವುದಿಲ್ಲ. ಫೋನನ್ನು ಪಕ್ಕದಲ್ಲಿಟ್ಟುಕೊಂಡು ಬಾಗಿಲು ನೋಡುತ್ತ ಕೂರುತ್ತಾರೆ. ಅವರು ಎತ್ತದೆ ನಾವು ಹೇಗೆ ಎತ್ತುವುದು? ಒಲೆಯ ಮೇಲಿನ ಸಾರು ಕುದಿದು ಕುದಿದು ತಳ ಹಿಡಿಯುತ್ತದೆ. ಥಿಯನ್‌ಪೋ ಚಿಕ್ಕಪ್ಪ, "ಅತ್ತಿಗೆ, ಹಸಿವಲ್ಲಿ ಸತ್ರೆ ನನಗೂ ಒಳಗಡೆ ಎಡೆ ಇಡ್ಬೇಕಾಗುತ್ತೆ" ಎಂದು ಹೋದ ವರ್ಷ ಗೋಗರೆದರು. ಆಮೇಲೆ ತಣ್ಣಗಿನ ಮೀನು ತಿಂದೆವು.

ನಿಮ್ಮಮ್ಮ ಅನ್ನದ ಕೈಯಲ್ಲೇ ನನ್ನ ಹಿಂದೆ ಬಂದು ನಿಂತು, "ಏನಂತೆ ಅದಕ್ಕೆ?" ಎಂದರು. ನಾನು ಪರದೆಯನ್ನು ಅವರತ್ತ ತಿರುಗಿಸಿದೆ. ಅವರೇ ಕನ್ನಡಕ ಹಾಕಿಕೊಂಡು ಪರದೆಗೆ ಬಗ್ಗಿ ಓದಿದರು. ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ಅದೇ ಸಾಲು ಇನ್ನೊಂದು ಬರುತ್ತಿತ್ತು. ಅವರು ಬಹಳ ಹೊತ್ತು ನೋಡಿದರು. ಇದೇನೆಂದು ಕೇಳಿದರು. ನಾನು ಎಲ್ಲ ಹೇಳಿದೆ, ಕೋಲು, ಫೈಲು, ಬಟ್ಟಲು, ಎಲ್ಲ.

ಅಳುತ್ತಾರೆ ಎಂದುಕೊಂಡೆ. ಅತ್ತರು, ಇಲ್ಲವೆನ್ನುವುದಿಲ್ಲ, ಆದರೆ ಅದಕ್ಕಿಂತ ಮೊದಲು ಸಿಟ್ಟಾದರು. "ಇವನಿಗೆ ಇಷ್ಟೂ ಗೊತ್ತಿಲ್ವಾ? ಸತ್ತವರಿಗೆ ಮೊದ್ಲೇ ಎಡೆ ಇಟ್ಟು ಕಳಿಸ್ತೀವಲ್ಲ! ಅವರದ್ದು ಊಟ ಆಗಿರುತ್ತೆ, ಅವರನ್ನ ಯಾರಾದ್ರೂ ಮೇಜಿನ ಮುಂದೆ ಕಾಯ್ತಾರಾ? ಬಟ್ಟಲು ಇಡೋದು ಬದುಕಿರೋರಿಗೆ ಕಣೇ. ಬದುಕಿದ್ದೂ ಬಾರದೇ ಇರೋರಿಗೆ." ಅಷ್ಟು ಹೇಳಿ ಕನ್ನಡಕ ತೆಗೆದರು. ಮೇಲಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡರು. "ಅಪ್ಪ ಇದ್ದಿದ್ರೆ ಅಂತ ನಾನಂದಿದ್ದು ಒಂದೇ ಸಲ. ಇವನು ಅದನ್ನ ಹಿಡ್ಕೊಂಡು ಅವರನ್ನ ಕರ್ಕೊಂಡು ಬಂದು ಇಲ್ಲಿ ಕೂರ್ಸಿದಾನೆ. ಅವರು ಹೋಗಿದ್ದು ಇವನಿಗೆ ಇನ್ನೂ ಗೊತ್ತೇ ಆಗಿಲ್ಲ," ಎಂದರು.

ಆ ಸಾಲನ್ನೇ ಅಳಿಸಿಬಿಡಲಾ ಅಮ್ಮ ಎಂದು ಕೇಳಿದೆ. ಕೆಲಸದ ದೃಷ್ಟಿಯಿಂದ ಅದೇ ಸರಿ, ನೀನೇ ಹೇಳು. ಅವರು ಕೊಳಕ್ಕೆ ಮೇವು ಹಾಕಲು ಹೋದರು. ಆ ಮೊಣಕಾಲಿನಲ್ಲಿ ದಡದುದ್ದಕ್ಕೂ ಹೋಗಿ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಾನು ಕೀಲಿಮಣೆಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದೆ. ಬಂದವರು, "ಬಟ್ಟಲು ಅಲ್ಲೇ ಇರ್ಲಿ. ಕಾಯೋದನ್ನ ಮಾತ್ರ ತೆಗಿ," ಎಂದರು.

ಆಗುತ್ತದೆ ಚಿಶುನ್. ಒಲೆಯಲ್ಲಿ ಆ ಎರಡು ಬಗೆಯನ್ನೂ ಬರೆದಿಟ್ಟವನು ನೀನೇ. ಇರಲೇಬೇಕು ಎನ್ನುವುದೊಂದು, ಇದ್ದರೆ ಒಳ್ಳೆಯದು ಎನ್ನುವುದೊಂದು. ಅಪ್ಪನ ಹೆಸರಿನ ಮುಂದೆ ನೀನು ಮೊದಲನೆಯದನ್ನು ಹಾಕಿದ್ದೆ, ನಾನು ಎರಡನೆಯದನ್ನು ಹಾಕಿದೆ. ಒಂದು ಪದ ಬದಲಾಯಿತು, ಅಷ್ಟೇ. ಇನ್ನು ಚಕ್ರಗಳನ್ನು ಅಜ್ಜಿಯ ಬೆನ್ನಿಗೇ ಎಬ್ಬಿಸಿದ್ದೇನೆ. ಹೌದು, ಮಕ್ಕಳಿಗೆ ಮೊದಲು ಊಟ. ಸಿಂಪಿ ಆಮ್ಲೆಟ್ ಅಂಗಡಿಯ ಆ ಜಗಳದಲ್ಲಿ ಗೆದ್ದವಳು ನಾನು ಎಂದು ಇಲ್ಲಿ ದಾಖಲಿಸುತ್ತಿದ್ದೇನೆ. ಭಾವನಿಗೂ ಕೂತ ಕೂಡಲೇ ಪೆನ್ನು ಕೊಟ್ಟಿದ್ದೇನೆ. ಆಮೇಲೆ ಪರೀಕ್ಷೆ ಮಾಡಲು ಪ್ಲಗ್ಗು ಕೀಳುವ ಕೆಲಸವನ್ನು ನಿಮ್ಮಮ್ಮ ತಾವೇ ವಹಿಸಿಕೊಂಡರು. "ಇದು ಹೇಳದೆ ಹೋಗಿದ್ದಕ್ಕೆ" ಎಂದು ಒಮ್ಮೆ ಕಿತ್ತರು, "ಇದು ಫೋನು ಎತ್ತದೇ ಇರೋದಕ್ಕೆ" ಎಂದು ಇನ್ನೊಮ್ಮೆ. ಕೀಳುವಷ್ಟು ಕಿತ್ತರು. ಪ್ರತಿ ಸಲವೂ ಡಬ್ಬಿ ಎದ್ದಿತು.

ಚಂಡಮಾರುತ ಮೊನ್ನೆ ಬಂತು. ಹಾಡುಹಗಲೇ ಆಕಾಶ ಕಪ್ಪಾಯಿತು. ನಾನು, ನಿಮ್ಮಮ್ಮ, ಥಿಯನ್‌ಪೋ ಚಿಕ್ಕಪ್ಪ, ಮೂವರೂ ಶೆಡ್ಡಿನಲ್ಲಿದ್ದೆವು. ತಗಡು ಬಡಿದುಕೊಳ್ಳುವ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ನಿಮ್ಮಮ್ಮ ರೇನ್‌ಕೋಟು ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು, ಡಬ್ಬಿ ಏಳದಿದ್ದರೆ ಓಡಲು. ಕರೆಂಟು ಹೋಯಿತು. ಚಕ್ರಗಳೆಲ್ಲ ನಿಂತವು, ಕೊಳ ಸುಮ್ಮನಾಯಿತು. ಥಿಯನ್‌ಪೋ ಚಿಕ್ಕಪ್ಪ ಜನರೇಟರಿನ ಹಗ್ಗ ಎಳೆದರು, ಹತ್ತಲಿಲ್ಲ. ಮತ್ತೆ ಎಳೆದರು, ಅದರ ವಂಶವನ್ನೆಲ್ಲ ಜಾಲಾಡಿದರು, ಹತ್ತಿತು. ಡಬ್ಬಿಯ ದೀಪ ಮಿನುಗಿತು. ಆಮೇಲೆ ದಡದ ಹತ್ತಿರದ ಚಕ್ರ ನೀರು ಹೊಡೆಯಿತು. ಅದರಾಚೆಯದು. ಅದರಾಚೆಯದು. ಮಳೆಯಲ್ಲಿ ಕೊಳದ ಆ ಕೊನೆ ಕಾಣುತ್ತಿರಲಿಲ್ಲ, ಸದ್ದಿನಿಂದಲೇ ಎಣಿಸಿಕೊಂಡು ನಿಮ್ಮಮ್ಮ, "ಎಲ್ಲಾ ಎದ್ದವು" ಎಂದರು.

ನಾನು ಪರದೆ ತೋರಿಸಿದೆ. ಕೊನೆಯ ಸಾಲನ್ನು ನಾನೇ ಬರೆದಿದ್ದೆ, ಅವರಿಗೆ ಮೊದಲು ಹೇಳಿರಲಿಲ್ಲ. ಅಪ್ಪ ಬಂದಿಲ್ಲ, ಬಟ್ಟಲು ಇದೆ, ಊಟ ಶುರುವಾಗಿದೆ. ಅದನ್ನು ಓದಿ ಅವರು ರೇನ್‌ಕೋಟು ಬಿಚ್ಚಿ ಮೊಳೆಗೆ ನೇತುಹಾಕಿದರು. ಮೂರು ವರ್ಷದಲ್ಲಿ ಮೊದಲ ಸಲ ಕರೆಂಟು ಹೋದಾಗ ಅವರು ಓಡಲಿಲ್ಲ. ಶುಂಠಿ ಹಾಕಿ ಹೂಮೀನಿನ ಗಂಜಿ ಮಾಡಿದರು.

ಮೀನುಗಳೆಲ್ಲ ಬದುಕಿವೆ. ಹೇಳುತ್ತೇನೆ ಎಂದಿದ್ದೆನಲ್ಲ, ಹೇಳಿದೆ. ಸೋಲಾರ್ ಕಂಪನಿಯವನು ನಿನ್ನೆ ಮತ್ತೆ ಬಂದಿದ್ದ. ನಿಮ್ಮಮ್ಮ ಅವನಿಗೂ ಒಂದು ಬಟ್ಟಲು ಗಂಜಿ ಕುಡಿಸಿ ಕಳಿಸಿಕೊಟ್ಟರು.

ಗಂಜಿ ಕುಡಿಯುವಾಗ ಅವರು ಹೇಳಿದ ಮಾತನ್ನು ತಲುಪಿಸುವುದಕ್ಕೇ ನಾನು ಇಷ್ಟೆಲ್ಲ ಬರೆದದ್ದು. "ಅವನಿಗೊಂದು ಕಾಗದ ಬರಿ. ಈ ಹೊಸವರ್ಷಕ್ಕೂ ಬಟ್ಟಲು ಇಡ್ತೀನಿ, ಜಾಕೆಟೂ ಹಾಕ್ತೀನಿ. ಆದ್ರೆ ಕಾಯೋಲ್ಲ. ಸಾರು ಕುದ್ದ ತಕ್ಷಣ ನಾನು ಕಡ್ಡಿ ಎತ್ತೋಳೇ. ಅವನಿಗೆ ಬಿಸಿ ಬೇಕಾದ್ರೆ ಹೊತ್ತಿಗೆ ಸರಿಯಾಗಿ ಬರ್ಲಿ. ಹೊತ್ತು ಮೀರಿ ಬಂದ್ರೆ ತಣ್ಣಗಿರೋದೇ ತಿನ್ಲಿ. ಆದ್ರೆ ಬರ್ಲಿ."

ದೋಣಿ ಎಷ್ಟೊತ್ತಿಗೆ ಹೊರಡುತ್ತದೆ ಎಂದು ಎದುರಿಗೆ ನಿಂತಿರುವ ಹೆಂಗಸನ್ನೇ ಕೇಳು. ಕೈಯ ಗ್ರೀಸು ತೊಳೆದುಕೊಂಡು ಬಾ. ಮಾಝು ದೇವಿ ನಿನ್ನ ದಾರಿಯ ಕಡಲನ್ನು ಶಾಂತವಾಗಿಡಲಿ, ನಿನ್ನ ತಲೆಗೆ ಒಂದಿಷ್ಟು ಬುದ್ಧಿಯನ್ನೂ ಕೊಡಲಿ.

ಇನ್ನೂ ಸಿಟ್ಟಿನಲ್ಲೇ ಇರುವ, ನಿನ್ನ ಒಲೆಯನ್ನು ಆರದಂತೆ ನೋಡಿಕೊಂಡಿರುವ,

ಬಿಯುನ್